ಗಡಿಯ ಮಕ್ಕಳಿಗೆ ಖಾಕಿಯ ಪಾಠ

ಆಂಧ್ರದ ಗಡಿಯ ಗುಮ್ಮಘಟ್ಟದ ಕಡೆಯ ಹೈಸ್ಕೂಲು ಮಕ್ಕಳು ಪೊಲೀಸರನ್ನು ಕಾಣುವುದು ಜಾತ್ರೆಯ ಬಂದೋಬಸ್ತಿನಲ್ಲಿ, ಚುನಾವಣೆಯಲ್ಲಿ, ಇಲ್ಲವೇ ಹೊಲದ ಬದುವಿನ ಜಗಳ ಠಾಣೆಯ ಮೆಟ್ಟಿಲು ಹತ್ತಿದಾಗ. ಆ ದೂರ ತಗ್ಗಿಸಲು ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯಿದೆ. ಕೇರಳ ಅದನ್ನು 2010ರ ಆಗಸ್ಟ್‌ನಲ್ಲಿ 127 ಶಾಲೆಗಳಲ್ಲಿ ಆರಂಭಿಸಿತು. 2018ರ ಜುಲೈನಲ್ಲಿ ಕೇಂದ್ರ ಗೃಹ ಸಚಿವಾಲಯ ದೇಶಕ್ಕೆಲ್ಲ ವಿಸ್ತರಿಸಿತು. ಎಂಟು, ಒಂಬತ್ತನೇ ತರಗತಿಯವರಿಗೆ ಅಪರಾಧ ತಡೆ, ರಸ್ತೆ ಸುರಕ್ಷತೆ, ಹೆಣ್ಣುಮಕ್ಕಳ ರಕ್ಷಣೆ, ವಿಪತ್ತು ನಿರ್ವಹಣೆಯ ಪಾಠ. ಇದು ಕಾನ್‌ಸ್ಟೆಬಲ್ ಕೆಲಸದ ತರಬೇತಿ ಅಲ್ಲ, ಆಗಲೂಬಾರದು. ಸಾಲು ಕಟ್ಟಿ ಸೆಲ್ಯೂಟ್ ಹೊಡೆಯುವುದಷ್ಟೇ ಕಲಿತರೆ ಏನು ಬಂತು? ಓರಗೆಯ ಗೆಳತಿಗೆ ಮದುವೆ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ತನ್ನ ಬೆನ್ನಿಗಿದೆ ಎಂಬ ಧೈರ್ಯ ಒಬ್ಬ ಹುಡುಗಿಗೆ ಬಂದರೆ ನನಗೆ ಅದೇ ದೊಡ್ಡದು. ಆದರೂ ಖಾಕಿಯ ಆಸೆ ಹುಟ್ಟಿದ ಮಕ್ಕಳ ಮಾತನ್ನೂ ಆಡಲೇಬೇಕು. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು ಕಾನ್‌ಸ್ಟೆಬಲ್ ಆಯ್ಕೆಯ 1600 ಮೀಟರ್ ಓಟವನ್ನು ಎಂಟು ನಿಮಿಷದೊಳಗೆ ಮುಗಿಸಿಯಾರು. ಹೊಲ, ಕೆರೆ ಏರಿಯ ಮೇಲೆ ಓಡಿ ಬೆಳೆದ ಕಾಲುಗಳವು. ಆದರೆ 2022ರ ಆಂಧ್ರ ಕಾನ್‌ಸ್ಟೆಬಲ್ ನೇಮಕಾತಿಯ ಪ್ರಶ್ನೆಪತ್ರಿಕೆ ಇದ್ದದ್ದು ಇಂಗ್ಲಿಷ್, ತೆಲುಗು, ಉರ್ದುವಿನಲ್ಲಿ. ಕನ್ನಡದಲ್ಲಿ ದೂರು ಹೇಳುವ ಊರುಗಳಿಗೆ ಕನ್ನಡ ಬಲ್ಲ ಪೊಲೀಸರು ಬೇಕು. ಹಾಗಾಗಿ ಕೆಡೆಟ್ ತರಗತಿಯ ಪಾಠಗಳು ಇಲ್ಲಿ ಕನ್ನಡದಲ್ಲೂ ನಡೆಯಲಿ, ಜೊತೆಗೆ ಪರೀಕ್ಷೆಗೆ ಬೇಕಾಗುವಷ್ಟು ತೆಲುಗನ್ನು ಶಾಲೆ ಎಂಟನೇ ತರಗತಿಯಿಂದಲೇ ಗಟ್ಟಿಯಾಗಿ ಕಲಿಸಲಿ.