ಕಣ್ಣು ಸರಿ ಇದೆ, ಮಗುವಿಗೆ ಕಾಣ್ತಿಲ್ಲ!

ಕೂಸು ಮುಖ ನೋಡ್ತಿಲ್ಲ ಅಂತ ಕಣ್ಣಿನ ಡಾಕ್ಟರ ಹತ್ತಿರ ಓಡಿದ ಎಷ್ಟೋ ತಾಯಂದಿರು, ಕಣ್ಣಿಗೇನೂ ಆಗಿಲ್ಲ ಅನ್ನೋ ಮಾತು ಕೇಳಿ ವಾಪಸಾಗುತ್ತಾರೆ. ಮಾತು ಸುಳ್ಳಲ್ಲ. ತೊಂದರೆ ಇರುವುದು ಕಣ್ಣು ಕಳಿಸಿದ್ದನ್ನು ಅರ್ಥ ಮಾಡಿಕೊಳ್ಳುವ ಮಿದುಳಿನಲ್ಲಿ. ಹೆರಿಗೆ ವೇಳೆ ಉಸಿರು ಕಟ್ಟಿದ್ದು, ತಿಂಗಳು ತುಂಬದೆ ಹುಟ್ಟಿದ್ದು, ಹುಟ್ಟಿದ ಕೂಡಲೇ ರಕ್ತದ ಸಕ್ಕರೆ ಇಳಿದದ್ದು, ಮಿದುಳು ಜ್ವರ ಮುಖ್ಯ ಕಾರಣಗಳು. ಡಾಕ್ಟರುಗಳು ಇದನ್ನು ಸಿ.ವಿ.ಐ. ಅನ್ನುತ್ತಾರೆ.

ಇಂಥ ಹೆಚ್ಚಿನ ಮಕ್ಕಳಿಗೆ ಪೂರ್ತಿ ಕತ್ತಲೆಯೇನಲ್ಲ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ನಾಲ್ಕು ಹೆಜ್ಜೆ ಆಚೆ ನಿಂತ ಅಮ್ಮ ಕಾಣದಿರಬಹುದು, ಬರಿಗೋಡೆ ಮುಂದೆ ನಿಂತರೆ ಕಾಣುತ್ತಾಳೆ. ಕಿರಾಣಿ ಅಂಗಡಿಯ ತುಂಬಿದ ಕಪಾಟು ಬರೀ ಗೊಜಲು. ಗಲ್ಲಾ ಮೇಲೆ ಒಂದೇ ಒಂದು ಕೆಂಪು ಡಬ್ಬಿ ಇಟ್ಟು ಅಲ್ಲಾಡಿಸಿ, ಕಣ್ಣು ಅತ್ತ ತಿರುಗೀತು.

ಆಟದ ಚಿಕಿತ್ಸೆ ಹಿಡಿದಿರೋದು ಇದೇ ಎಳೆಯನ್ನ. ಟ್ಯಾಬಿನಲ್ಲಿ ಕಪ್ಪು ಪರದೆ, ನಿಧಾನಕ್ಕೆ ಉರುಳುವ ಒಂದು ಕೆಂಪು ಇಲ್ಲವೇ ಹಳದಿ ಚೆಂಡು. ಮಗು ಮುಟ್ಟಿದರೆ ಸದ್ದು. ಅದು ಕೈಗೂಡಿದ ಮೇಲೆ ಎರಡು ಚೆಂಡು, ಆಮೇಲೆ ಚಿತ್ರ. ಮಗು ತಡವಾಗಿ ನೋಡುತ್ತೆ, ಕಾಯಬೇಕು. ಮನೆಯ ಟಿ.ವಿ. ಬಂದ್ ಆಗಿರಬೇಕು. ಟ್ಯಾಬ್ ಇಲ್ಲದವರಿಗೆ ಕಪ್ಪು ಬಟ್ಟೆ, ಕೆಂಪು ಚೆಂಡು ಸಾಕು. ಎಳೆ ಮಿದುಳು ಬಳಸಿದಷ್ಟೂ ಕಲಿಯುತ್ತದೆ. ಅಳುವ ಮಗುವಿಗೆ ನೂರು ಸಲ ಕಸರತ್ತು ಮಾಡಿಸೋಕಾಗದು, ಆಡುವ ಮಗು ತಾನೇ ಮಾಡುತ್ತೆ. ಹಾಗಂತ ಕೈಗೆ ಮೊಬೈಲ್ ಕೊಟ್ಟು ಕೂರಿಸೋದು ಚಿಕಿತ್ಸೆಯಲ್ಲ (ಆ ಚಿಕಿತ್ಸೆ ಮನೆಮನೆಯಲ್ಲೂ ನಡೀತಿದೆ!).

ಇದು ಜಾದೂ ಕೂಡ ಅಲ್ಲ. ದೊಡ್ಡ ಪ್ರಮಾಣದ ವೈಜ್ಞಾನಿಕ ಪರೀಕ್ಷೆಗಳು ಇನ್ನೂ ಕಡಿಮೆ. ಗುಣ ಗ್ಯಾರಂಟಿ ಅಂತ ಸಾವಿರಗಟ್ಟಲೆ ಕೇಳುವವರ ಬಗ್ಗೆ ಹುಷಾರಾಗಿರಬೇಕು.

ಇನ್ನು ಸರ್ಕಾರದ ಅಳತೆಗೋಲು. 2016ರ ಅಂಗವಿಕಲರ ಹಕ್ಕು ಕಾಯ್ದೆ ಮಂದದೃಷ್ಟಿಯನ್ನು ಅಳೆಯುವುದು 6/18ರಂಥ ಚಾರ್ಟಿನ ಲೆಕ್ಕದಲ್ಲಿ, ನೋಟದ ಅಗಲದಲ್ಲಿ. ಒಂದೊಂದೇ ಅಕ್ಷರ ತೋರಿಸಿದರೆ ಓದುವ ಸಿ.ವಿ.ಐ. ಮಗು, ಪುಟ ತುಂಬ ಅಕ್ಷರ ಕಂಡರೆ ಸೋಲುತ್ತದೆ. ಚಾರ್ಟಿನಲ್ಲಿ ಪಾಸಾಯಿತೋ, ಶೇ. 40ರ ಸರ್ಟಿಫಿಕೇಟು ದೃಷ್ಟಿಯ ಲೆಕ್ಕದಲ್ಲಿ ಸಿಗೋದು ಕಷ್ಟ. ಶಾಲೆಯಲ್ಲಿ ದಡ್ಡ ಅನ್ನೋ ಬಿರುದು ಮಾತ್ರ ಪುಕ್ಕಟೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜಿಲ್ಲೆಗೊಂದು ಶೀಘ್ರ ಪತ್ತೆ ಕೇಂದ್ರ ಇರಬೇಕು. ಚಿಕಿತ್ಸೆ ಉಚಿತ. ಕಣ್ಣು ಪರೀಕ್ಷಕರು, ಫಿಸಿಯೋಥೆರಪಿಸ್ಟ್, ವಿಶೇಷ ಶಿಕ್ಷಕರ ಹುದ್ದೆ ಕಾಗದದಲ್ಲಿವೆ. ಜಿಲ್ಲಾಸ್ಪತ್ರೆಯಲ್ಲಿ ಭರ್ತಿಯಾಗಿವೆಯೇ ಎಂದು ಪೋಷಕರು ಕೇಳಬಹುದು. ಮೂರು ತಿಂಗಳು ಕಳೆದರೂ ಮುಖ ನೋಡದ, ಲೈಟನ್ನೇ ದಿಟ್ಟಿಸುವ ಕೂಸನ್ನು ಅಲ್ಲಿಗೆ ಒಯ್ಯುವಾಗ ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ.