ಆಟದ ವೇಗವೂ ಕಾರ್ಯಾಚರಣಾ ವ್ಯವಸ್ಥೆಯೂ

ಕಂಪ್ಯೂಟರಿನಲ್ಲಿ ಆಟವು ಮುಗ್ಗರಿಸಿದೊಡನೆ ನಮ್ಮ ವಿದ್ಯಾರ್ಥಿಗಳು ಯಂತ್ರವನ್ನು ದೂರುತ್ತಾರೆ. ಹೆತ್ತವರ ಹಣದಿಂದ ಹೊಸ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳಲು ಹೊರಡುತ್ತಾರೆ. ಈ ಆತುರವು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲ.

ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಪ್ರೊಸೆಸರಿನ ಕಾಲವನ್ನು ಆಟಕ್ಕೂ ಹಿನ್ನೆಲೆಯ ಇತರ ಕೆಲಸಗಳಿಗೂ ಹಂಚುವುದು ಕಾರ್ಯಾಚರಣಾ ವ್ಯವಸ್ಥೆ. ಹಂಚಿಕೆಯಲ್ಲಿ ತೊಡಕಾದರೆ ಕೆಲವು ಚಿತ್ರಗಳು ತಡವಾಗುವುವು. ಸರಾಸರಿ ಚೆನ್ನಾಗಿದ್ದರೂ ಕಣ್ಣಿಗೆ ಆಟ ತಡವರಿಸಿದಂತೆ ತೋರುವುದು.

ವಿಂಡೋಸಿಗಾಗಿ ರಚಿತವಾದ ಆಟಗಳನ್ನು ಲಿನಕ್ಸಿನಲ್ಲಿ ನಡೆಸಲು ವಾಲ್ವ್ ಸಂಸ್ಥೆಯು 2018ರಲ್ಲಿ ಪ್ರೋಟಾನ್ ಎಂಬ ತಂತ್ರಾಂಶವನ್ನು ಹೊರತಂದಿತು. ಅದು ಡೈರೆಕ್ಟ್3ಡಿ ಆಜ್ಞೆಗಳನ್ನು ವಲ್ಕನ್ ಆಜ್ಞೆಗಳಾಗಿ ಮಾರ್ಪಡಿಸುತ್ತದೆ. ಈ ಹೆಚ್ಚಿನ ಕೆಲಸವಿದ್ದರೂ ಕೆಲವು ಆಟಗಳು ಅಲ್ಲಿ ವಿಂಡೋಸಿಗಿಂತ ವೇಗವಾಗಿ ಓಡುವುದುಂಟು; ಕೆಲವು ನಿಧಾನವಾಗುತ್ತವೆ; ಮೋಸವನ್ನು ತಡೆಯುವ ತಂತ್ರಾಂಶವು ಒಪ್ಪದಿರುವುದರಿಂದ ಮತ್ತೆ ಕೆಲವು ನಡೆಯುವುದೇ ಇಲ್ಲ. ಆದುದರಿಂದ ಯಾವ ವ್ಯವಸ್ಥೆ ಮೇಲೆಂಬ ವಾದ ವ್ಯರ್ಥ. ಹೊರೆಯೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲಿರುವಾಗ ವ್ಯವಸ್ಥೆಯ ಬದಲಾವಣೆಯಿಂದ ಲಾಭವೂ ಅಲ್ಪವೇ.

ಮೊದಲು ಅಳೆಯಿರಿ. ಯಂತ್ರವೂ ಆಟವೂ ಅವೇ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಹಿನ್ನೆಲೆಯ ಕೆಲಸಗಳನ್ನು ನಿಲ್ಲಿಸಿ ನೋಡಿರಿ, ಲಿನಕ್ಸನ್ನು ಹಾಕಿ ನೋಡಿರಿ, ಎರಡಕ್ಕೂ ಖರ್ಚಿಲ್ಲ. ಸರಾಸರಿಯ ಜೊತೆಗೆ ಅತಿ ತಡವಾದ ಚಿತ್ರಗಳ ಕಾಲವನ್ನೂ ಬರೆದಿಡಿರಿ. ಹಣದ ಮಾತು ಆಮೇಲಿನದು.