ಟೈರಿನೊಳಗಿನ ಕಳ್ಳ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನ ನೋಡಲು ಚಳ್ಳಕೆರೆಯಿಂದ ಸೈಕಲ್ ತುಳಿಯುವವರನ್ನು ಏರಿಗಿಂತ ಹೆಚ್ಚಾಗಿ ಕಾಡುವುದು ಜಾಲಿ ಮುಳ್ಳು. ಪ್ಯಾಚು ಹಾಕಿಸಿ ಫರ್ಲಾಂಗು ದಾಟುವಷ್ಟರಲ್ಲಿ ಮತ್ತೆ ಗಾಳಿ ಇಳಿಯುತ್ತದೆ. ದೂರು ಪಾಪ, ಸೊಲ್ಯೂಷನ್ ಮೇಲೆ!

ಅಸಲು ಕಳ್ಳ ಟೈರಿನಲ್ಲೇ ಅಡಗಿರುತ್ತಾನೆ: ಮುರಿದು ಉಳಿದ ಮುಳ್ಳಿನ ತುದಿ. ಸವಾರನ ಭಾರಕ್ಕೆ ಟೈರು ನೆಲ ಮುಟ್ಟುವಲ್ಲಿ ಚಪ್ಪಟೆಯಾಗುತ್ತದೆ. ಚಕ್ರದ ಪ್ರತಿ ಸುತ್ತಿಗೂ ಆ ತುದಿ ಟ್ಯೂಬನ್ನು ಒತ್ತುತ್ತದೆ.

ಆದ್ದರಿಂದ ಟ್ಯೂಬು ಕೂರಿಸುವ ಮುನ್ನ ಟೈರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಸುತ್ತಲೂ ಒರೆಸಬೇಕು. ಬಟ್ಟೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ, ಚಿಮಟದಿಂದ ಕೀಳಬೇಕು. ಬೆರಳಾಡಿಸಿದರೆ ರಕ್ತ ಬಂದೀತು.

ನೆರಳಿಲ್ಲದ ಹಾದಿಯಲ್ಲಿ ಐದು ಮೈಲಿ ಸೈಕಲ್ ತಳ್ಳುವುದಕ್ಕಿಂತ ಐದು ನಿಮಿಷದ ಈ ಹುಡುಕಾಟ ಲೇಸಲ್ಲವೆ?